ಮಗಳಿಗೊಂದು ಪತ್ರ: ಮೂಳೆಯಲ್ಲಿ ಉಳಿದ ಕಲೆ

ಹರಿಹರ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ನಿನ್ನ ತಮ್ಮ ಕಳಿಸಿದ ನನ್ನ ಎಂಆರ್‌ಐ ರಿಪೋರ್ಟ್ ಓದಿ, "ಮೂಳೆಯಲ್ಲಿ ಇನ್ನೂ ಇದೆ ಅಂತ ಬರೆದಿದ್ದಾರೆ, ನನ್ನ ಹತ್ತಿರ ಯಾಕೆ ಮುಚ್ಚಿಟ್ರಿ" ಅಂದೆ. ಸಮಾಧಾನ ಹೇಳಲು ಹೋಗಿ ನಾನೂ ಅತ್ತುಬಿಟ್ಟೆ. ಪುಣೆಯಲ್ಲಿ ಒಬ್ಬಳೇ ಕೂತು ಆ ಕಾಗದ ಓದಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ.

ಮೂಳೆಯಲ್ಲಿ ಕಲೆ ಇದೆ, ನಿಜ. ಆದರೆ ಲಿಂಫೋಮಾ ಅನ್ನುವ ಆ ಕ್ಯಾನ್ಸರ್ ಕಾಯಿಲೆ ಈಗ ಇಲ್ಲ. ಈ ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅಂತ ನಂಗೂ ಮೊದಲು ಅರ್ಥವಾಗಿರಲಿಲ್ಲ.

ಬಲಗಾಲಿನ ಮಂಡಿಯ ಮೇಲೆ ನೋವು ಶುರುವಾದದ್ದು ನಿಂಗೆ ಗೊತ್ತು. ಹಬ್ಬದ ಸೀಸನ್ನು, ಮೂವತ್ತು ಬ್ಲೌಸ್ ಬಾಕಿ ಇದ್ದವು. ದಿನವಿಡೀ ಮೆಷಿನ್ ತುಳಿದದ್ದಕ್ಕೆ ನೋವು ಅಂದುಕೊಂಡೆ. ಆದರೆ ತುಳಿದು ಬಂದ ನೋವು ಮಲಗಿದರೆ ಕಮ್ಮಿ ಆಗಬೇಕು ಅಲ್ವಾ? ಇದು ರಾತ್ರಿಯೇ ಜಾಸ್ತಿ. ಒಂದು ದಿನ ಸ್ನಾನ ಮಾಡುವಾಗ ತೊಡೆ ದಪ್ಪ ಕಂಡಿತು. ಟೇಪ್ ಹಿಡಿದು ಎರಡೂ ಕಾಲು ಅಳೆದೆ. ಬಲಗಾಲು ಒಂದೂವರೆ ಇಂಚು ಜಾಸ್ತಿ. ಇಪ್ಪತ್ತೆಂಟು ವರ್ಷ ಊರವರ ಅಳತೆ ತೆಗೆದ ಟೇಪು ಕಣೇ, ಅದು ಸುಳ್ಳು ಹೇಳಲ್ಲ. ಅವತ್ತು ಕೈ ತಣ್ಣಗಾಯಿತು.

ಮೊದಲು ತೋರಿಸಿದ ಕಡೆ ಮಂಡಿ ಸವೆತ ಅಂದರು. ಎಕ್ಸ್‌ರೇಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಈ ಕಾಯಿಲೆಯಲ್ಲಿ ಎಕ್ಸ್‌ರೇ ಹಾಗೆ ಮೋಸ ಮಾಡುವುದು ಉಂಟಂತೆ. ಊತ ಇಳಿಯಲಿ ಅಂತ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಹತ್ತು ದಿನ ನೋವೇ ಇಲ್ಲ! ದೇವರೇ ಬಂದ ಹಾಗಾಯಿತು. ಆಮೇಲೆ ನೋವು ಎರಡರಷ್ಟಾಗಿ ವಾಪಸ್ ಬಂತು. ಎಂಆರ್‌ಐಯಲ್ಲಿ ತೊಡೆಮೂಳೆಯ ಕೆಳಗಿನ ತುದಿಯಲ್ಲಿ ಏನೋ ಇದೆ ಅಂತ ಗೊತ್ತಾಯಿತು. ಮೂಳೆಗೆ ಟಿಬಿ ಇರಬಹುದು ಅಂದರು. ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ, ಸ್ಪಷ್ಟವಾಗಿ ಏನೂ ಸಿಗಲಿಲ್ಲ.

ಬೆಂಗಳೂರಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಸ್ಟಿರಾಯ್ಡ್ ಏನಾದ್ರೂ ತಗೊಂಡಿದ್ರಾ?" ಅಂತ. ಲಿಂಫೋಮಾದ ಜೀವಕೋಶಗಳು ಸ್ಟಿರಾಯ್ಡ್‌ಗೆ ಬೇಗ ಕರಗುತ್ತವಂತೆ. ಆಗ ಬಯಾಪ್ಸಿಯಲ್ಲಿ ಸಿಗದೆ ತಪ್ಪಿಸಿಕೊಳ್ಳುತ್ತವೆ. ಮಾತ್ರೆ ಬಿಡಿಸಿ, ಕಾದು, ಎರಡನೇ ಸಲ ತೆಗೆದರು. ತೆಗೆದ ತುಣುಕಿಗೆ ಬೇರೆ ಬೇರೆ ಬಣ್ಣ ಹಾಕಿ ನೋಡಿದ ಮೇಲೆ ಹೆಸರು ಸಿಕ್ಕಿತು: ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ. ಹೀಗೆ ಸುಮ್ಮನೆ ಕಳೆದುಹೋದ ಎರಡು ತಿಂಗಳ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ ಪುಟ್ಟಿ. ನಿನ್ನ ಜೊತೆಯವರ ಮನೆಯಲ್ಲಿ ಯಾರಿಗಾದರೂ ಹೀಗೆ ರಾತ್ರಿ ಕಾಡುವ ಮೂಳೆನೋವು ಇದ್ದರೆ, ಏನು ಕಾಯಿಲೆ ಅಂತ ಗೊತ್ತಾಗುವ ಮುಂಚೆ ಸ್ಟಿರಾಯ್ಡ್ ನುಂಗಬೇಡಿ ಅಂತ ಹೇಳು.

ಲಿಂಫೋಮಾ ಅಂದರೆ ಕುತ್ತಿಗೆ, ಕಂಕುಳಲ್ಲಿ ಗಡ್ಡೆ ಬರುವುದು ಅಂತ ನಿಮ್ಮಪ್ಪ ಎಲ್ಲೋ ಓದಿದ್ದರು. ಮೂಳೆಗೆ ಹೇಗೆ ಬಂತು ಅಂತ ಕೇಳಿದರು. ಇದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಕ್ಯಾನ್ಸರ್. ಆ ಕಣಗಳು ಮೂಳೆಯ ಮಜ್ಜೆಯಲ್ಲೂ ಇರುತ್ತವೆ. ಅಪರೂಪಕ್ಕೆ ಕಾಯಿಲೆ ಮೂಳೆಯಲ್ಲೇ ಹುಟ್ಟುತ್ತದೆ. ಬೇರೆ ಕಡೆಯಿಂದ ಮೂಳೆಗೆ ಹರಡಿ ಬರುವುದೂ ಉಂಟು. ಯಾವುದು ಅಂತ ತಿಳಿಯಲು ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾಡಿದರು. ನನ್ನದು ತೊಡೆಮೂಳೆ ಬಿಟ್ಟು ಎಲ್ಲೂ ಹೋಗಿರಲಿಲ್ಲ.

ಕಾಲು ತೆಗೀತಾರಾ ಅಂತ ನನ್ನ ಹೆದರಿಕೆ. ಕೇಳಲೂ ಬಾಯಿ ಬರಲಿಲ್ಲ, ನಿನ್ನ ಸೋದರಮಾವನೇ ಕೇಳಿದ. ಇದು ಔಷಧಿಗೆ ಕರಗುವ ಕಾಯಿಲೆ, ಕತ್ತರಿಸುವುದಲ್ಲ ಅಂದರು ಡಾಕ್ಟರಮ್ಮ. ಮೂಳೆ ಮುರಿದರೆ, ಇಲ್ಲಾ ಮುರಿಯುವ ಹಾಗಿದ್ದರೆ ಮಾತ್ರ ರಾಡ್ ಹಾಕಿ ನಿಲ್ಲಿಸುತ್ತಾರಂತೆ. ನನಗೆ ಅದೂ ಬೇಕಾಗಲಿಲ್ಲ. ಆದರೆ ಆ ಕಾಲಿನ ಮೇಲೆ ಭಾರ ಹಾಕುವ ಹಾಗಿಲ್ಲ, ನೆಲದ ಮೇಲೆ ಕೂರುವ ಹಾಗಿಲ್ಲ. ಮನೆಗೆ ವಾಕರ್ ಬಂತು, ಕಮೋಡ್ ಕುರ್ಚಿ ಬಂತು.

ಚಿಕಿತ್ಸೆಯ ಹೆಸರು ಆರ್-ಚಾಪ್, ಐದು ಔಷಧಿ ಸೇರಿಸಿ ಕೊಡುವ ಕೀಮೋ. ನನಗೆ 21 ದಿನಕ್ಕೊಮ್ಮೆ, ಒಟ್ಟು 6 ಸಲ. ಆರ್ ಅಂದರೆ ರಿಟುಕ್ಸಿಮ್ಯಾಬ್. ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಇದೆಯಾ ಅಂತ ರಕ್ತ ನೋಡಿದರು. ಒಳಗೆ ಮಲಗಿರುವ ಆ ಸೋಂಕನ್ನು ಈ ಔಷಧಿ ಎಬ್ಬಿಸಬಹುದಂತೆ. ಮೊದಲನೇ ಸಲ ಡ್ರಿಪ್ ಹಾಕಿ ಅರ್ಧ ಗಂಟೆಗೆ ಮಂಚ ಅಲುಗುವಷ್ಟು ಚಳಿ ಹತ್ತಿತು. ನರ್ಸ್ ಡ್ರಿಪ್ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಆಮೇಲೆ ಹನಿ ಹನಿಯಾಗಿ ಬಿಟ್ಟರು. ಬೆಳಿಗ್ಗೆ ಶುರುವಾದದ್ದು ಮುಗಿಯುವಾಗ ಸಂಜೆ. ಎರಡನೇ ಸಲದಿಂದ ಏನೂ ಆಗಲಿಲ್ಲ. ಈ ಔಷಧಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1997ರಲ್ಲಿ. 2007ರಲ್ಲಿ ನಮ್ಮ ದೇಶದ್ದೇ ಕಂಪನಿಯೊಂದು ಅದರ ಸಾಟಿ ಔಷಧಿ ತಯಾರಿಸಿದ ಮೇಲೆ ನಮ್ಮಂಥವರ ಕೈಗೂ ಎಟುಕುವ ಹಾಗಾಯಿತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ. ಸಾಲದ ಚಿಂತೆ ಅಂತ ನೀನು ಕೆಲಸದ ಮೇಲೆ ಕೆಲಸ ಹಿಡಿಯಬೇಡ.

ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರ ಅಂತ ಮೊದಲೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ್ದರು. ಅದು ಹೋದ ಮೇಲೆ ಮೂತ್ರ ಕೆಂಪಗೆ ಬಂದು, ರಕ್ತವೇ ಹೋಗ್ತಿದೆ ಅಂತ ಕಿರುಚಿದ್ದೆ. ಅದು ಔಷಧಿಯ ಬಣ್ಣ ಅಷ್ಟೇ. ಕೂದಲು ಮೂರನೇ ವಾರ ಬಾಚಣಿಗೆ ತುಂಬಾ ಬಂತು. ಪ್ರತಿ ಸಲ 5 ದಿನ ಪ್ರೆಡ್ನಿಸೋಲೋನ್ ಮಾತ್ರೆ, ಅದೂ ಸ್ಟಿರಾಯ್ಡೇ. ಈಗ ಕಾಯಿಲೆಯ ಹೆಸರು ಗೊತ್ತಿದ್ದರಿಂದ ಅದೇ ಔಷಧಿಯಾಯಿತು. ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ.

ಮೂರನೇ ಸಲ ಆದ ಹತ್ತನೇ ದಿನ ರಾತ್ರಿ 101 ಡಿಗ್ರಿ ಜ್ವರ. ಬೆಳಗಾಗಲಿ ಅಂದೆ ನಾನು. ನಿಮ್ಮಪ್ಪ ಒಪ್ಪಲಿಲ್ಲ. 100.4 ದಾಟಿದರೆ ಒಂದು ಗಂಟೆಯೂ ಕಾಯಬೇಡಿ ಅಂದಿದ್ದನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಂಡಿದ್ದರು. ಪಕ್ಕದ ಮನೆಯವರ ಓಮ್ನಿಯಲ್ಲಿ ದಾವಣಗೆರೆಗೆ ಓಡಿದೆವು. ಬಿಳಿ ರಕ್ತಕಣ ತೀರಾ ಕೆಳಗಿಳಿದಿತ್ತು. ನಾಲ್ಕು ದಿನ ಆಂಟಿಬಯೋಟಿಕ್ ಹಾಕಿದರು. ನಿಂಗೆ ಮುಚ್ಚಿಟ್ಟದ್ದು ಇದೊಂದೇ. ನಿನ್ನ ಪರೀಕ್ಷೆ ಇತ್ತು. ಹೇಳಬೇಕಿತ್ತು, ನನ್ನದೇ ತಪ್ಪು.

ವಿನ್‌ಕ್ರಿಸ್ಟಿನ್ ಅಂತ ಇನ್ನೊಂದು ಇಂಜೆಕ್ಷನ್. ನಮ್ಮ ತುಳಸಿಕಟ್ಟೆ ಪಕ್ಕ ನೀರು ಹಾಕದಿದ್ದರೂ ಬೆಳೆಯುತ್ತದಲ್ಲ ನಿತ್ಯಪುಷ್ಪ, ಆ ಗಿಡದಿಂದಲೇ ಅದನ್ನು ತೆಗೆಯುತ್ತಾರಂತೆ. ಹಾಗಂತ ಯಾರೂ ಎಲೆ ಕಿತ್ತು ಕಷಾಯ ಮಾಡಿ ಕುಡಿಯಬಾರದು, ಅದು ವಿಷ. ಆ ಇಂಜೆಕ್ಷನ್‌ನಿಂದ ನನ್ನ ಬೆರಳ ತುದಿ ಜೋಮು ಹಿಡಿದ ಹಾಗೆ ಆಯಿತು. ಸೂಜಿ ಹಿಡಿದಿದ್ದೇನೋ ಇಲ್ಲವೋ ತಿಳಿಯದು. ದಾರ ಪೋಣಿಸಲು ಹೋಗಿ ಮೂರು ಸಲ ಬೆರಳಿಗೇ ಚುಚ್ಚಿಕೊಂಡೆ, ರಕ್ತ ಬಂದ ಮೇಲೆ ಗೊತ್ತಾಯಿತು. ಕೂದಲು ಹೋದಾಗ ಅಳದವಳು ಅವತ್ತು ಮೆಷಿನ್ ಮುಂದೆ ಕೂತು ಅತ್ತೆ.

ಆಮೇಲೆ ರೇಡಿಯೇಷನ್ 20 ದಿನ, ಶನಿವಾರ ಭಾನುವಾರ ಬಿಟ್ಟು. ಅದು ನೋಯುವುದಿಲ್ಲ. ಚರ್ಮ ಸ್ವಲ್ಪ ಕಪ್ಪಾಯಿತು, ಮಂಡಿ ಬಿಗಿಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಎಂಆರ್‌ಐ ಮೂಳೆಯ ಆಕಾರ ತೋರಿಸುತ್ತದೆ. ಗೆದ್ದಲು ತಿಂದ ತೊಲೆಯಲ್ಲಿ ಗೆದ್ದಲು ಸತ್ತರೂ ತೂತು ಇರುತ್ತದಲ್ಲ? ಹಾಗೆ. ಮೂಳೆ ತನ್ನನ್ನು ತಾನು ಕಟ್ಟಿಕೊಳ್ಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಆ ಕಲೆ ಪೂರ್ತಿ ಹೋಗದೆಯೂ ಇರಬಹುದು. ಒಳಗೆ ಕಾಯಿಲೆ ಜೀವಂತ ಇದೆಯಾ ಅಂತ ನೋಡುವುದು ಪೆಟ್ ಸ್ಕ್ಯಾನ್. ಅದಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, ಕಮ್ಮಿ ಇದ್ದಷ್ಟೂ ಒಳ್ಳೆಯದು. ನನಗೆ 2 ಬಂದಿದೆ. ಆ ರಿಪೋರ್ಟ್ ಬೇರೆ ಫೈಲಿನಲ್ಲಿತ್ತು, ನಿನ್ನ ತಮ್ಮ ಅದನ್ನು ಕಳಿಸಿರಲಿಲ್ಲ, ಅಷ್ಟೇ. ಈ ಪತ್ರದ ಜೊತೆ ಜೆರಾಕ್ಸ್ ಇಟ್ಟಿದ್ದೇನೆ. ನೀನೇ ಓದು.

ಮತ್ತೆ ಬರಲ್ಲ ಅಂತ ನಾನು ಮಾತು ಕೊಡಲಾರೆ. ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದಾರೆ. ಮುಂದಿನ ಸಲ ನೀನೇ ಜೊತೆಗೆ ಬಾ. ಮನಸ್ಸಿನಲ್ಲಿ ಇರುವುದನ್ನೆಲ್ಲ ಡಾಕ್ಟರಮ್ಮನನ್ನೇ ಕೇಳು.

ಕಳೆದ ವಾರ ಮೆಷಿನ್ ಮೇಲೆ ಕೂತೆ. ಎಡಗಾಲಿನಲ್ಲಿ ತುಳಿದೆ. ಒಂದು ಲಂಗಕ್ಕೆ ಅಂಚು ಹಾಕುವಷ್ಟರಲ್ಲಿ ಸುಸ್ತಾಯಿತು, ಆದರೆ ಹೊಲಿಗೆ ನೇರ ಬಂದಿದೆ. ಬೆರಳಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ಚಿಕ್ಕವಳಿದ್ದಾಗ ಅಜ್ಜಿಗೆ ಸೂಜಿ ಪೋಣಿಸಿ ಕೊಡುತ್ತಿದ್ದೆಯಲ್ಲ, ಯುಗಾದಿಗೆ ಬಂದಾಗ ನನಗೂ ಒಂದಷ್ಟು ಪೋಣಿಸಿಟ್ಟು ಹೋಗು. ಹತ್ತು ಬಿಳಿ, ಹತ್ತು ಕಪ್ಪು. ಕೆಂಪು ಎರಡು ಸಾಕು.

ಇಂತಿ,
ನಿನ್ನ ಅಮ್ಮ