ಮಗುವನ್ನು ಮಗುಚಿಯೂ ನೋಡಿ

ಮಾನ್ಯರೇ,

ಮಗು ಹುಟ್ಟಿದ ಕೂಡಲೇ ಕೈಕಾಲು, ತುಟಿ, ಬೆರಳು ಎಲ್ಲಾ ನೋಡುತ್ತೇವೆ. ಮಗುಚಿ ಹಾಕಿ ಹಿಂದಲೆ, ಬೆನ್ನು ನೋಡುವುದು ಮಾತ್ರ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅಪರೂಪಕ್ಕೆ ಕೆಲವು ಮಕ್ಕಳ ಹಿಂದಲೆ ಅಥವಾ ಬೆನ್ನಿನ ನಟ್ಟನಡುವೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ಸುತ್ತ ನಾಲ್ಕು ಕೂದಲು, ಇಲ್ಲವೇ ಕೆಂಪು ಮಚ್ಚೆ. ಇದಕ್ಕೆ ಡರ್ಮಲ್ ಸೈನಸ್ ಎನ್ನುತ್ತಾರೆ. ಗರ್ಭದಲ್ಲಿ ಚರ್ಮ ಮತ್ತು ನರಗಳ ಭಾಗ ಪೂರ್ತಿ ಬೇರೆಯಾಗದೆ ಉಳಿದ ಕೊಳವೆ ಅದು. ಹಿಂದಲೆಯಲ್ಲಿದ್ದರೆ ಬುರುಡೆ ದಾಟಿ ಕಿರುಮೆದುಳಿನ ತನಕ ಹೋಗಿರಬಹುದು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದೇ ದಾರಿಯಲ್ಲಿ ಒಳಗೆ ಇಳಿದು ಕೀವು ಕಟ್ಟಬಹುದು. (ಕುಂಡೆಯ ಸೀಳಿನೊಳಗೆ ಕಾಣುವ ಸಣ್ಣ ಗುಳಿ ಬೇರೆ. ಅದು ಬಹಳ ಮಕ್ಕಳಿಗಿರುತ್ತದೆ, ಸಾಮಾನ್ಯವಾಗಿ ತೊಂದರೆಯಿಲ್ಲ.)

ಮಗುವಿಗೆ ನೀರೆರೆಯುವ ಅಜ್ಜಿಯರ ಕಣ್ಣಿಗೇ ಇದು ಮೊದಲು ಬೀಳುವುದು. ಅವರು ಎಣ್ಣೆ ತಿಕ್ಕಿ, ಹಿಚುಕಿ, ಅರಿಶಿನ ಮೆತ್ತುತ್ತಾರೆ. ದಯವಿಟ್ಟು ಹಿಚುಕಬೇಡಿ, ಕಡ್ಡಿ ಹಾಕಿ ಆಳ ನೋಡಬೇಡಿ. ಡಾಕ್ಟರಿಗೆ ತೋರಿಸಿ. ಎಂಆರ್‌ಐ ಮಾಡಿಸಿ, ಸೋಂಕು ಆಗುವ ಮೊದಲೇ ಕೊಳವೆಯನ್ನು ಬುಡಸಮೇತ ತೆಗೆದರೆ ಮುಂದಿನ ಪಾಡು ತಪ್ಪುತ್ತದೆ.

ಮೆದುಳಿನಲ್ಲಿ ಕೀವು ಕಟ್ಟಿದ ಮೇಲೆ ಕಷ್ಟ ಜಾಸ್ತಿ. ಹಸುಗೂಸಿಗೆ ತಲೆನೋವು ಅಂತ ಹೇಳಲು ಬರುವುದಿಲ್ಲ. ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ನೆತ್ತಿ ಉಬ್ಬುತ್ತದೆ, ಫಿಟ್ಸ್ ಬರುತ್ತದೆ. ಜ್ವರ ಇರಲೇಬೇಕೆಂದಿಲ್ಲ. ಆಪರೇಷನ್ ಮಾಡಿ ಕೀವು ತೆಗೆಯುತ್ತಾರೆ. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಲ್ಯಾಬಿನಲ್ಲಿ ನೋಡಿ, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುತ್ತಾರೆ. ಅದೂ ಸಾಮಾನ್ಯವಾಗಿ 6ರಿಂದ 8 ವಾರ.

ಎಡವುವುದು ಇಲ್ಲೇ. ಮಗು ಹಾಲು ಕುಡಿಯಲು ಶುರು ಮಾಡಿತು ಅಂದರೆ ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಅಪ್ಪನ ಕೂಲಿ ಹೋಗುತ್ತಿರುತ್ತದೆ, ಊರಲ್ಲಿ ಇನ್ನೊಂದು ಮಗು ಇರುತ್ತದೆ. ಅವರನ್ನು ಸುಮ್ನೆ ಬೈದು ಏನು ಪ್ರಯೋಜನ? ಆಪರೇಷನ್ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಮಗು ಚೇತರಿಸಿಕೊಂಡ ಮೇಲೆ, ಅಲ್ಲಿನ ಡಾಕ್ಟರು ಒಪ್ಪಿದರೆ, ಉಳಿದ ಇಂಜೆಕ್ಷನ್ ಜಿಲ್ಲಾಸ್ಪತ್ರೆಯಲ್ಲೇ ಮುಗಿಸುವ ವ್ಯವಸ್ಥೆ ಬೇಕು. ಇನ್ನು, ಕೀವು ತೆಗೆದು ಕೊಳವೆ ಬಿಟ್ಟರೆ ಮತ್ತೆ ಅದೇ ಕಥೆ. ಹೃದಯದ ತೊಂದರೆಯಿಂದ ಮೈ ನೀಲಿಗಟ್ಟುವ ಮಕ್ಕಳಿಗೂ ಹೀಗೆ ಮೆದುಳಿನಲ್ಲಿ ಕೀವು ಆಗುತ್ತದೆ, ಹೆಚ್ಚಾಗಿ 2 ವರ್ಷ ದಾಟಿದ ಮೇಲೆ. ಅಲ್ಲೂ ಸೋಂಕು ವಾಸಿಯಾದ ಮೇಲೆ ಹೃದಯದ ಚಿಕಿತ್ಸೆಯನ್ನು ಮರೆಯಬಾರದು.

ಹುಟ್ಟಿನ ದೋಷ ಗುರುತಿಸಲೆಂದೇ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹೆರಿಗೆಯಾದ 42 ದಿನದೊಳಗೆ ಆಶಾ ಕಾರ್ಯಕರ್ತೆಯರೂ ಹಲವು ಸಲ ಮನೆಗೆ ಬರುತ್ತಾರೆ. ತೂಕ ನೋಡುವಾಗ ಒಮ್ಮೆ ಮಗುವನ್ನು ಮಗುಚಿ ನೋಡಿ, ಕಂಡದ್ದನ್ನು ತಾಯಿ ಕಾರ್ಡಿನಲ್ಲಿ ಬರೆಯುವಂತೆ ಆರೋಗ್ಯ ಇಲಾಖೆ ಸೂಚಿಸಲಿ.

– ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ