ನೆಟ್ಟಗೆ ಹೊತ್ತು ಓಡುವ ಹಬ್ಬ

ಮೇ ತಿಂಗಳಲ್ಲಿ ಇಟಲಿ ಕಡೆ ಹೊರಡುವವರು ನಮ್ಮ ಸಂಘದಲ್ಲಿ ಪ್ರತಿವರ್ಷ ಇದ್ದೇ ಇರುತ್ತಾರೆ. ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಪಟ್ಟಿ ಮುಗಿಸುವ ಮುನ್ನ ಮೇ 15ನ್ನು ಉಂಬ್ರಿಯಾದ ಗುಬ್ಬಿಯೋ ಊರಿಗೆ ಬಿಟ್ಟುಕೊಡಿ ಎಂದು ಕೇಳಿಕೊಳ್ಳಲು ಈ ಸಲದ ಸಂಪಾದಕೀಯ. ಅಲ್ಲಿ ನಡೆಯುವುದೇನು ಎಂದು ತಿಳಿಯದೆ ಹೋದರೆ ಮೂರು ಮರದ ಗೋಪುರಗಳು ಕಣ್ಣೆದುರು ಹಾಯ್ದು ಹೋದದ್ದಷ್ಟೇ ಕಾಣುತ್ತದೆ, ‘ಗೆದ್ದವರು ಯಾರು?’ ಎಂದು ಕೇಳಿಕೊಂಡು ಬರಬೇಕಾಗುತ್ತದೆ. ಆ ಗೋಪುರಗಳನ್ನು ಹೆಗಲ ಮೇಲೆ ಹೊತ್ತು ಬೆಟ್ಟಕ್ಕೆ ಓಡುವ ಈ ಓಟದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಊರಿನ ಕಾವಲು ಸಂತ ಉಬಾಲ್ದೊ. ಹನ್ನೆರಡನೆಯ ಶತಮಾನದಲ್ಲಿ ಗುಬ್ಬಿಯೋದ ಬಿಷಪ್ ಆಗಿದ್ದವರು, 1160ರ ಮೇ 16ರಂದು ತೀರಿಕೊಂಡರು. 1192ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು, 1194ರಲ್ಲಿ ಅವರ ದೇಹವನ್ನು ಊರಿನ ನೆತ್ತಿಯ ಮೇಲಿರುವ ಇಂಜಿನೊ ಬೆಟ್ಟಕ್ಕೆ ಒಯ್ದರು. ಇಂದಿಗೂ ಅದು ಅಲ್ಲಿನ ಬಸಿಲಿಕ ಎಂಬ ದೊಡ್ಡ ಚರ್ಚಿನಲ್ಲಿದೆ. ತಿಥಿಯ ಹಿಂದಿನ ದಿನ ಊರವರು ಹೊತ್ತು ಓಡುವುದು ಅಲ್ಲಿಗೇ. ಮೇ 15 ಯಾವ ವಾರ ಬಿದ್ದರೂ ಹಬ್ಬ ಆ ದಿನವೇ, ರಜೆಯ ಅನುಕೂಲಕ್ಕೆ ಮುಂದೆ ಹಿಂದೆ ಆಗುವುದಿಲ್ಲ.

ಹೊರುವ ವಸ್ತುವಿನ ಹೆಸರು ಚೇರೊ, ಬಹುವಚನದಲ್ಲಿ ಚೇರಿ. ಪದದ ಅರ್ಥ ಮೇಣದ ಬತ್ತಿ. ಹಿಂದೆ ಸಂತನಿಗೆ ಮೇಣ ಅರ್ಪಿಸುತ್ತಿದ್ದರು, ಅದರ ಜಾಗಕ್ಕೆ ಮರದ ಗೋಪುರ ಬಂತು ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಇದರ ಬೇರು ಕ್ರೈಸ್ತ ಧರ್ಮಕ್ಕಿಂತ ಹಿಂದಿನದು ಎನ್ನುವವರೂ ಇದ್ದಾರೆ, ಅದು ಇನ್ನೂ ವಾದದಲ್ಲಿರುವ ಮಾತು. ಚೇರೊ ಎಂದರೆ ಎಂಟು ಮುಖದ ಎರಡು ಟೊಳ್ಳು ಮರದ ಭಾಗಗಳು, ಒಂದರ ಮೇಲೊಂದು. ನಡುವೆ ಹಾಯುವ ಕಂಬದ ಬುಡ ಕೆಳಗಿನ ಬಾರೆಲ್ಲ ಎಂಬ ಚೌಕಟ್ಟಿಗೆ ಇಳಿಯುತ್ತದೆ. ತುದಿಯಲ್ಲಿ ಸಂತನ ಪುಟ್ಟ ವಿಗ್ರಹ. ಎತ್ತರ 4 ಮೀಟರಿಗೂ ಮಿಕ್ಕಿ, ಎಲ್ಲ ಸೇರಿ ತೂಕ ಸುಮಾರು 280 ಕಿಲೊ. ಒಟ್ಟು ಮೂರು: ಗಾರೆ ಕೆಲಸದವರ ಸಂತ ಉಬಾಲ್ದೊ, ವರ್ತಕರ ಸಂತ ಜಾರ್ಜಿಯೊ, ರೈತರ ಸಂತ ಆಂತೋನಿಯೊ. ಹೊರುವವರ ಅಂಗಿ ಕ್ರಮವಾಗಿ ಹಳದಿ, ನೀಲಿ, ಕಪ್ಪು. ಬಿಳಿ ಪ್ಯಾಂಟು, ಕೆಂಪು ನಡುಕಟ್ಟು, ಕೊರಳಿಗೆ ಕೆಂಪು ವಸ್ತ್ರ ಮೂವರಿಗೂ ಒಂದೇ. ಉಂಬ್ರಿಯಾ ಪ್ರಾಂತದ ಧ್ವಜದ ಮೇಲಿರುವ ಮೂರು ಆಕೃತಿಗಳು ಇವೇ.

ವರ್ಷವಿಡೀ ಚೇರಿ ಇರುವುದು ಬೆಟ್ಟದ ಮೇಲಿನ ಬಸಿಲಿಕದಲ್ಲಿ. ಮೇ ತಿಂಗಳ ಮೊದಲ ಭಾನುವಾರ ಅವನ್ನು ಅಡ್ಡ ಮಲಗಿಸಿ ಹೆಗಲ ಮೇಲೆ ಕೆಳಗೆ ತಂದು ಊರಿನ ಹಳೆಯ ಆಡಳಿತ ಭವನವಾದ ಪಲಾತ್ಸೊ ದೇಯಿ ಕೋನ್ಸೊಲಿಯಲ್ಲಿ ಇಡುತ್ತಾರೆ. 15ರ ನಸುಕಿಗೆ ತಮಟೆಯವರು ಬೀದಿಗಿಳಿದು ಆ ವರ್ಷದ ಮುಖಂಡರನ್ನು ಎಬ್ಬಿಸುತ್ತಾರೆ. ಅವರು ಮೊದಲು ಹೋಗುವುದು ಸ್ಮಶಾನಕ್ಕೆ, ಹಿಂದೆ ಹೊತ್ತು ಓಡಿ ಈಗ ಇಲ್ಲದವರಿಗೆ ನಮಿಸಲು. ಪಲಾತ್ಸೊದ ಗೋಪುರದಲ್ಲಿರುವ ದೊಡ್ಡ ಗಂಟೆ 1769ರಲ್ಲಿ ಎರಕ ಹೊಯ್ದದ್ದು, ಸುಮಾರು 2 ಟನ್ ತೂಕ. ಅದನ್ನು ಯಂತ್ರವಿಲ್ಲದೆ ಕೈಕಾಲುಗಳಿಂದಲೇ ತಳ್ಳಿ ಬಾರಿಸುತ್ತಾರೆ.

ಬೆಳಿಗ್ಗೆ ಹನ್ನೊಂದೂವರೆಗೆ ಪಿಯಾತ್ಸ ಗ್ರಾಂದೆ ಚೌಕದಲ್ಲಿ ಎಬ್ಬಿಸುವ ಶಾಸ್ತ್ರ. ಸಂಜೆಯ ಓಟಕ್ಕಿಂತ ಇದನ್ನೇ ಹೆಚ್ಚು ಗಮನವಿಟ್ಟು ನೋಡಿ ಎನ್ನುತ್ತೇವೆ. ಚೇರೊ ನೆಲಕ್ಕೆ ಅಡ್ಡಲಾಗಿ ಮಲಗಿರುತ್ತದೆ, ಬಾರೆಲ್ಲ ಚೌಕಟ್ಟು ಅದರ ಬುಡದಲ್ಲಿ ನಿಗುರಿ ನಿಂತಿರುತ್ತದೆ. ಕಂಬದ ಬುಡವನ್ನು ತೂತಿಗೆ ಸೇರಿಸಿ ಬೆಣೆ ಬಡಿಯುತ್ತಾರೆ. ಕಪೊದಿಯೇಚಿ, ಅಂದರೆ ಹತ್ತು ಮಂದಿಯ ಮುಖಂಡ, ಚೌಕಟ್ಟಿನ ಮೇಲೇರಿ ಜೇಡಿಮಣ್ಣಿನ ಹೂಜಿಯಿಂದ ಆ ಕೂಡುವ ಜಾಗಕ್ಕೆ ನೀರು ಸುರಿಯುತ್ತಾನೆ. ಒದ್ದೆಯಾದ ಮರ ಉಬ್ಬಿ ಬೆಣೆಯನ್ನು ಬಿಗಿಹಿಡಿಯುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ನೀರು ಹೊಯ್ಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೂಜಿಯನ್ನು ಜನರ ನಡುವೆ ಎಸೆದು ಅವನೂ ಮುಂದಕ್ಕೆ ಹಾರುತ್ತಾನೆ. ಅವನ ಮೈಭಾರಕ್ಕೆ ಚೌಕಟ್ಟು ನೆಲದತ್ತ ಬಾಗುತ್ತಿದ್ದಂತೆ ಮಲಗಿದ್ದ ಗೋಪುರ ಮೇಲೆದ್ದು ನಿಲ್ಲುತ್ತದೆ. ಹೂಜಿಯ ಚೂರು ಶುಭವೆಂದು ಜನ ಮುಗಿಬೀಳುತ್ತಾರೆ, ನೀವು ಬೇಡ. ಎದ್ದ ಚೇರಿ ತಕ್ಷಣ ಧ್ವಜಸ್ತಂಭವನ್ನು ಮೂರು ಸುತ್ತು ಹಾಕುತ್ತವೆ, ಚೂರಿಗೆ ಬಗ್ಗಿದವರು ಅವುಗಳ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಮಧ್ಯಾಹ್ನ ಚೇರಿ ಊರ ಬೀದಿಗಳಲ್ಲಿ ಮೆರೆದು ವಿಶ್ರಮಿಸುತ್ತವೆ. ಸಂಜೆ ಸಂತನ ಮೆರವಣಿಗೆ, ಬಿಷಪ್‌ರ ಆಶೀರ್ವಾದ, ಆರು ಗಂಟೆಗೆ ಓಟ. ಇಳಿಜಾರು, ಕಿರುಬೀದಿ, ಮತ್ತೆ ದೊಡ್ಡ ಚೌಕ, ಅಲ್ಲಿಂದ ಸಂತನ ಹೆಸರಿನ ಊರಬಾಗಿಲು ದಾಟಿ ಬೆಟ್ಟದ ತಿರುವುಗಳು. ನಡುವೆ ವಿರಾಮಗಳಿವೆ. ಒಟ್ಟು 4 ಕಿಲೊಮೀಟರಿಗೂ ಹೆಚ್ಚು, ಕೊನೆಯ ಭಾಗದಲ್ಲೇ ಸುಮಾರು 300 ಮೀಟರ್ ಏರು. ಉಬಾಲ್ದೊ, ಜಾರ್ಜಿಯೊ, ಆಂತೋನಿಯೊ: ಈ ಸಾಲು ಎಂದಿಗೂ ಬದಲಾಗದು, ಹಿಂದಿನವರು ಮುಂದಿನವರನ್ನು ದಾಟುವಂತಿಲ್ಲ. ಮುಂದಿನದು ಬಿದ್ದರೆ ಹಿಂದಿನವು ನಿಂತು ಕಾಯುತ್ತವೆ.

ಹಾಗಾದರೆ ಪೈಪೋಟಿ ಯಾವುದರಲ್ಲಿ? ನೆಟ್ಟಗೆ ಒಯ್ಯುವುದರಲ್ಲಿ. ಬಾರೆಲ್ಲದ ಎರಡು ದಂಡಗಳ ಕೆಳಗೆ ತಲಾ ನಾಲ್ವರಂತೆ ಎಂಟು ಹೆಗಲು. ಅವರ ಪಕ್ಕಕ್ಕೆ ತೋಳು ಹಿಡಿದು ಆಸರೆ ಕೊಡುವವರು, ಎದುರಿಗೆ ದಾರಿ ತೋರುವ ಕಪೊದಿಯೇಚಿ, ಹಿಂದೆ ಸೆಳೆತ ಹಿಡಿಯುವ ಕಪೊಚಿಂಕ್ವೆ, ಅಂದರೆ ಐವರ ಮುಖಂಡ. ಗೋಪುರ ನೆಟ್ಟಗಿದ್ದರೆ ಒಬ್ಬೊಬ್ಬರ ಹೆಗಲಿಗೆ 35 ಕಿಲೊ ಬೀಳುತ್ತದೆ. ಒಂದು ಬದಿಗೆ ವಾಲಿತೋ, ಭಾರವೆಲ್ಲ ಆ ಬದಿಯ ನಾಲ್ವರತ್ತ ಸರಿಯುತ್ತದೆ, ಅವರ ಮಂಡಿ ಕುಸಿದಷ್ಟೂ ಇನ್ನಷ್ಟು ವಾಲುತ್ತದೆ. ಇದು ಆಗುವುದು ಮುಖ್ಯವಾಗಿ ಎರಡು ಕಡೆ. ಒಂದು, ವೇಗದಲ್ಲಿ ತಿರುವು ತೆಗೆದುಕೊಳ್ಳುವಾಗ. ತುದಿ ಹೊರಕ್ಕೆ ಎಳೆಯುತ್ತದೆ. ಇನ್ನೊಂದು, ಹೆಗಲು ಬದಲಿಸುವಾಗ. ಹತ್ತಾರು ಮೀಟರುಗಳಿಗೊಮ್ಮೆ ಹೊಸ ತಂಡ ಓಡುತ್ತಲೇ ಒಳನುಗ್ಗಬೇಕು, ಹಳಬರು ಓಡುತ್ತಲೇ ಜಾರಿಕೊಳ್ಳಬೇಕು. ಒಬ್ಬ ಅರೆ ಹೆಜ್ಜೆ ತಡವಾದರೆ, ಅಥವಾ ಜೊತೆಯವರಿಗಿಂತ ತೀರಾ ಕುಳ್ಳನಾದರೆ, ಆ ಮೂಲೆ ತಗ್ಗುತ್ತದೆ. ಆದ್ದರಿಂದ ಎತ್ತರ ನೋಡಿ ಜೋಡಿ ಮಾಡಿರುತ್ತಾರೆ, ಯಾರು ಎಲ್ಲಿ ಒಳಸೇರಬೇಕು ಎಂದು ಮುಂಚೆಯೇ ನಿಗದಿಯಾಗಿರುತ್ತದೆ. ಬಿದ್ದರೆ ಅಲ್ಲೇ ಎಬ್ಬಿಸಿ ಓಟ ಮುಂದುವರಿಸುತ್ತಾರೆ, ಆದರೆ ಆ ಬೀಳುವಿಕೆ ಊರ ಮಾತಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮೇಲೆ ಒಂದೇ ಒಂದು ಸೆಣಸಾಟವಿದೆ. ಬಸಿಲಿಕದ ಅಂಗಳ ಹೊಕ್ಕ ಉಬಾಲ್ದೊ ತಂಡ, ಜಾರ್ಜಿಯೊ ಬಂದು ಮುಟ್ಟುವ ಮುನ್ನ ಬಾಗಿಲು ಮುಚ್ಚಲು ನೋಡುತ್ತದೆ. ಆ ಕೆಲವು ಕ್ಷಣಗಳಿಗಾಗಿ ಬೆಟ್ಟವಿಡೀ ಉಸಿರು ಹಿಡಿದಿರುತ್ತದೆ.

ಹೋಗುವವರಿಗೆ ನಾಲ್ಕು ಮಾತು. ಗುಬ್ಬಿಯೋಗೆ ರೈಲಿಲ್ಲ. ರೋಮ್–ಅಂಕೋನ ಮಾರ್ಗದ ಫೊಸ್ಸಾತೊ ದಿ ವಿಕೊದಲ್ಲಿ ಇಳಿದು ಸುಮಾರು 20 ಕಿಲೊಮೀಟರ್ ಬಸ್ಸಿನಲ್ಲಿ ಹೋಗಬೇಕು. ಸಂಜೆ ಮರಳುವ ಆಸೆ ಬೇಡ, ತಿಂಗಳುಗಳ ಮೊದಲೇ ಕೋಣೆ ಹಿಡಿಯಿರಿ. ಮಕ್ಕಳಿದ್ದರೆ ದೊಡ್ಡ ಚೌಕ ಬಿಟ್ಟು ನೇರವಾದ ಬೀದಿಯಲ್ಲಿ ಗೋಡೆಗೆ ಒರಗಿ ನಿಲ್ಲಿ. ತಿರುವಿನ ಹೊರಬದಿ ಮಾತ್ರ ಖಂಡಿತ ಬೇಡ, ವಾಲುವ ಚೇರೊ ಬೀಳುವುದು ಅಲ್ಲಿಗೇ. ತಳ್ಳುಗಾಡಿ ತರಬೇಡಿ. ಸಸ್ಯಾಹಾರಿಗಳಿಗೆ ಊರಿನ ಕ್ರೇಶಾ ಎಂಬ ದಪ್ಪ ರೊಟ್ಟಿ ಸೊಪ್ಪು, ಚೀಸಿನೊಂದಿಗೆ ಸಿಗುತ್ತದೆ. ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ.

ಅಮೆರಿಕದಲ್ಲಿರುವ ಓದುಗರು ಇಷ್ಟು ದೂರ ಬರಬೇಕಿಲ್ಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ ಹೋದ ಗುಬ್ಬಿಯೋದವರು ಜೆಸಪ್ ಎಂಬ ಊರಿನಲ್ಲಿ ಇದೇ ಓಟವನ್ನು ಹೂಡಿದರು. ನಡುವೆ ನಿಂತುಹೋಗಿ 1976ರಲ್ಲಿ ಮತ್ತೆ ಶುರುವಾಯಿತು, ಈಗ ಮೇ ಕೊನೆಯ ವಾರಾಂತ್ಯದಲ್ಲಿ ನಡೆಯುತ್ತದೆ. ಹೊರನಾಡಿನಲ್ಲಿ ಹಬ್ಬ ನಡೆಸುವ ನಮ್ಮಂಥವರು ಜೆಸಪ್‌ನತ್ತ ಕಣ್ಣಿಡಬೇಕು: ದಿನವನ್ನು ರಜೆಗೆ ಹೊಂದಿಸಿಕೊಂಡರು, ಮೂರು ಸಂತರ ಸಾಲನ್ನು ಮಾತ್ರ ಮುಟ್ಟಲಿಲ್ಲ.

ಮೇ 15 ಹೊಂದದವರು ಜೂನ್ 2ರಂದು ಗುಬ್ಬಿಯೋಗೆ ಹೋಗಬಹುದು. ಅಂದು ಚಿಕ್ಕ ಚೇರಿಗಳನ್ನು ಮಕ್ಕಳು ಹೊರುತ್ತಾರೆ. ಅದೇ ಬಣ್ಣ, ಅದೇ ಸಾಲು, ಓಡುತ್ತಲೇ ಹೆಗಲು ಬದಲಿಸುವುದೂ ಹಾಗೆಯೇ. ನೂಕುನುಗ್ಗಲು ಕಡಿಮೆ, ಹತ್ತಿರದಿಂದ ನೋಡಲು ಸಿಗುತ್ತದೆ.