ಕುಬಸದ ದಿನ ಬಸುರಿಗೆ ಮೊದಲು ಊಟ ಬಡಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ದಾವಣಗೆರೆಯಲ್ಲಿ ನನ್ನ ಗೆಳತಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಗಿದ್ದೆ. ಪಿಯುಸಿಯಿಂದ ಒಂದೇ ಬೆಂಚಿನಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಮದುವೆಯಾಗಿ ಆರು ವರ್ಷದ ಮೇಲೆ ಅವಳು ಬಸುರಾಗಿದ್ದಾಳೆ. ಮನೆಯವರಿಗೆ ಸಂಭ್ರಮ ಹೆಚ್ಚಾಗಿ 85 ಸಾವಿರ ರೂಪಾಯಿಗೆ ಎಲ್ಲವನ್ನೂ ಒಂದು ಈವೆಂಟ್ ತಂಡಕ್ಕೆ ವಹಿಸಿದ್ದರು. ಅದರಲ್ಲಿ ತಪ್ಪೇನಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಇನ್ನೂರು ಜನಕ್ಕೆ ಹೋಳಿಗೆ ತಟ್ಟುವವರು ಯಾರು? ಏಳನೇ ತಿಂಗಳಲ್ಲೇ ಆಗಬೇಕಿದ್ದ ಕುಬಸ, ಹಾಲ್ ಮತ್ತು ತಂಡ ಒಂದೇ ದಿನ ಸಿಗದೆ ಒಂಬತ್ತಕ್ಕೆ ಹೋಗಿತ್ತು.

ನಾನು ಹನ್ನೊಂದು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹೀಗಾಗಿ ಹಾಲ್ ಒಳಗೆ ಕಾಲಿಟ್ಟ ಕೂಡಲೇ ನಾನು ನೋಡಿದ್ದು ಬಲೂನಿನ ಕಮಾನನ್ನಲ್ಲ, ಗೆಳತಿಯ ಪಾದಗಳನ್ನು. ಬಾತುಕೊಂಡಿದ್ದವು. ಬೆಳಿಗ್ಗೆ ಹತ್ತಕ್ಕೇ ಮೇಕಪ್ ಮುಗಿಸಿ, ಹಸಿರು ರೇಷ್ಮೆ ಸೀರೆ ಉಡಿಸಿ, ಮೊಗ್ಗಿನ ಜಡೆ ಹೆಣೆದು ನಿಲ್ಲಿಸಿದ್ದರು. ನಡುವಿಗೆ ಗಂಡನ ಕೈ ಇಟ್ಟು ಒಂದು ಫೋಟೋ, ಹೊಟ್ಟೆ ಮೇಲೆ ಪುಟ್ಟ ಬೂಟು ಇಟ್ಟು ಇನ್ನೊಂದು, ಆಮೇಲೆ ತಿರುಗಿ ನಡೆಯುವ ವಿಡಿಯೊ. ಐವರು ಮುತ್ತೈದೆಯರು ಆರತಿ ಎತ್ತಿದಾಗ ಕ್ಯಾಮೆರಾದವರು ಬೆಳಕು ಸರಿ ಬರಲಿಲ್ಲ ಎಂದರು, ಆರತಿ ಇನ್ನೊಮ್ಮೆ ಆಯಿತು. ವೇದಿಕೆ ಮೇಲಿದ್ದ ಉಯ್ಯಾಲೆಗೆ ಹೂವಿನ ಅಲಂಕಾರ ಇತ್ತು, ಬೆನ್ನಿಗೆ ಆಸರೆ ಇರಲಿಲ್ಲ. ಆಮೇಲೆ ಆ ಮುಚ್ಚಿದ ಎ.ಸಿ. ಹಾಲ್‌ನಲ್ಲಿ ಡ್ರೈ ಐಸ್‌ನ ಬಿಳಿ ಹೊಗೆ ಬಿಟ್ಟರು. ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್. ತುಂಬಿದ ಬಸುರಿಗೆ ಮೊದಲೇ ಉಸಿರು ಗಿಡ್ಡ. ಅವಳನ್ನು ಅದರ ನಡುವೆ ನಿಲ್ಲಿಸಬಾರದಿತ್ತು.

ಮಧ್ಯಾಹ್ನ ಎರಡಾದರೂ ಅವಳಿಗೆ ಊಟ ಬಂದಿರಲಿಲ್ಲ. ಬಸುರಿನಲ್ಲಿ ಅವಳಿಗೆ ಸಕ್ಕರೆ ಬಂದಿದೆ, ಹೊತ್ತುಹೊತ್ತಿಗೆ ಉಣ್ಣಬೇಕೆಂದು ಡಾಕ್ಟರು ಹೇಳಿದ್ದಾರೆ. ಎದುರಿಗೇ ಬಯಕೆ ಊಟದ ತಟ್ಟೆಗಳು ಸಾಲಾಗಿದ್ದವು: ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ಮೊಸರನ್ನ. ಆದರೆ ಮೇಲಿನಿಂದ ಫೋಟೋ ತೆಗೆಯುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಅವಳ ಕೈ ನಡುಗುತ್ತಿದ್ದದ್ದು ನನಗೆ ಕಂಡಿತು. ಪರದೆ ಹಿಂದೆ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿ, ಅರ್ಧ ರೊಟ್ಟಿ ಪಲ್ಯ, ಒಂದು ಲೋಟ ಮಜ್ಜಿಗೆ ಕೊಟ್ಟೆ. ತಿನ್ನುತ್ತ ಅವಳು ಹೇಳಿದ್ದು ಇಷ್ಟೇ: "ನಂಗೆ ಹಸಿವಾಗೈತಿ ಅಂತ ಹೇಳಾಕೂ ನಾಚಿಕಿ ಆತು ಕಣೇ, ಎಲ್ಲಾರೂ ಅಷ್ಟು ಕಷ್ಟಪಟ್ಟಾರ." ಬಯಕೆ ಊಟ ಅನ್ನುವ ಹೆಸರು ಇರುವುದೇ ಅವಳ ಬಯಕೆಗಾಗಿ ಅಲ್ಲವೇ?

ನನ್ನನ್ನು ಹೆಚ್ಚು ನೋಯಿಸಿದ್ದು ಬೋರ್ಡಿನ ಆಟ. ಒಂದು ಕಡೆ 'ಹುಡುಗ', ಇನ್ನೊಂದು ಕಡೆ 'ಹುಡುಗಿ'. ಹುಟ್ಟುವ ಮಗು ಯಾವುದೆಂದು ಊಹಿಸಿ ಬಂದವರು ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಚೀಟಿ ಅಂಟಿಸಬೇಕು. ಮೈಕಿನಲ್ಲಿ ಎಣಿಕೆ ಬೇರೆ. ನೀಲಿ ಏರುತ್ತಾ ಹೋದಷ್ಟೂ ಚಪ್ಪಾಳೆ. ಗೆಳತಿಯ ವಾರಗಿತ್ತಿಗೆ ಇಬ್ಬರೂ ಹೆಣ್ಣುಮಕ್ಕಳು. ಆಕೆ ಚೀಟಿಯನ್ನು ಕೈಯಲ್ಲೇ ಮಡಚಿಟ್ಟುಕೊಂಡು ನಿಂತಿದ್ದರು. ಅವರ ಆರು ವರ್ಷದ ಮಗಳು ಜೋರಾಗಿಯೇ ಕೇಳಿದಳು, "ಅಮ್ಮಾ, ಎಲ್ಲಾರೂ ನೀಲಿನೇ ಯಾಕ ಹಚ್ಚಾಕತ್ತಾರ?"

ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದಿದೆ. ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ ಅದರ ಫಲಕ ಇದೆ. ಪತ್ತೆ ಮಾಡಿದವರಿಗೆ ಮೊದಲ ತಪ್ಪಿಗೇ 3 ವರ್ಷದವರೆಗೆ ಜೈಲು, 10 ಸಾವಿರ ರೂಪಾಯಿವರೆಗೆ ದಂಡ. ಊಹೆಯ ಆಟ ಅಪರಾಧವಲ್ಲ, ನಿಜ. ಆದರೆ ಆ ಕಾಯ್ದೆ ಯಾಕೆ ಬೇಕಾಯಿತು ಎಂಬುದು ಹೆರಿಗೆ ವಾರ್ಡಿನಲ್ಲಿರುವ ನಮಗೆ ಗೊತ್ತು. ಹೆಣ್ಣು ಎಂದು ಹೇಳಿದಾಗ ಹೊರಗೆ ನಿಂತವರ ಮುಖ ಇಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊರದೇಶದಲ್ಲಿ ಆಡುವ ಆಟವನ್ನು ಇಲ್ಲಿಗೆ ತರುವ ಮೊದಲು ಇಷ್ಟಾದರೂ ಯೋಚಿಸಬೇಕು.

ಅದೇ ದಿನ ಕಂಡ ಒಂದು ಒಳ್ಳೆಯದನ್ನೂ ಬರೆಯಲೇಬೇಕು. ಗೆಳತಿಯ ತಂದೆ ತೀರಿಕೊಂಡು ನಾಲ್ಕು ವರ್ಷ. ತಾಯಿ ಕೊನೆಯ ಸಾಲಿನಲ್ಲಿ ಕೂತಿದ್ದರು, ಬಳೆ ತೊಡಿಸಲು ಅವರನ್ನು ಯಾರೂ ಕರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮೈಕ್ ಹಿಡಿದಿದ್ದ ಆಯೋಜಕಿ, ಇಪ್ಪತ್ತೈದರ ಹುಡುಗಿ, ತನ್ನ ಪಟ್ಟಿಯಲ್ಲಿದ್ದಂತೆ "ಈಗ ಹುಡುಗಿಯ ಅಮ್ಮ ಬಂದು ಮೊದಲ ಬಳೆ ತೊಡಿಸ್ತಾರೆ" ಎಂದು ಕರೆದುಬಿಟ್ಟಳು. ಹಾಲ್ ಒಂದು ಕ್ಷಣ ಸುಮ್ಮನಾಯಿತು. ಹಿರಿಯರೊಬ್ಬರು ಏನೋ ಹೇಳಲು ಎದ್ದರು. ಅಷ್ಟರಲ್ಲಿ ಗೆಳತಿಯೇ ಕೈ ಚಾಚಿ, "ಬಾ ಅವ್ವಾ" ಎಂದಳು.

ತಂಡದವರು ತಂದಿದ್ದ ಬಳೆ 2-4ರ ಅಳತೆಯವು, ಬಾತ ಕೈಗೆ ಏರಲಿಲ್ಲ. ಅವ್ವ ಸೆರಗಿನ ಮರೆಯಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಚೌಕಿಪೇಟೆಯಿಂದ ತಂದ ಹಸಿರು ಗಾಜಿನ ಬಳೆ, ಕೊಂಚ ದೊಡ್ಡ 2-6ರ ಅಳತೆಯವು. ಮಗಳ ಕೈ ಬಾತಿರುತ್ತದೆಂದು ಊಹಿಸಿ, ಬೇರೆ ಯಾರಾದರೂ ತೊಡಿಸಲಿ ಎಂದು ತಂದಿಟ್ಟುಕೊಂಡಿದ್ದರಂತೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗಿಣ್ಣುಗಳನ್ನು ಮೆಲ್ಲಗೆ ಒತ್ತಿ ಒಂದೊಂದಾಗಿ ಏರಿಸಿದರು. ಒಂದೂ ಒಡೆಯಲಿಲ್ಲ. ನಮ್ಮ ಮನೆಗಳಲ್ಲೇ ನಡೆದಿದ್ದರೆ ಆ ತಾಯಿ ಅಡುಗೆಮನೆಯಲ್ಲೇ ಉಳಿಯುತ್ತಿದ್ದರು. ಹೊರಗಿನವರ ಕೈಗೆ ಕೊಟ್ಟಿದ್ದರಿಂದಲೇ ಅದು ಆಯಿತು, ಇದಕ್ಕೆ ಆ ಹುಡುಗಿಗೆ ನಾನು ಋಣಿ.

ನಮ್ಮ ಓಣಿಯ ಅಂಗನವಾಡಿಯಲ್ಲೂ ಪೋಷಣ್ ಅಭಿಯಾನದಲ್ಲಿ ಬಸುರಿಯರಿಗೆ ಸೀಮಂತ ಮಾಡುತ್ತಾರೆ. ಚಾಪೆ, ಅರಿಸಿನ ಕುಂಕುಮ, ಉಡಿಗೆ ಅಕ್ಕಿ, ಕೊಬ್ಬರಿ, ಬಾಳೆಹಣ್ಣು. ಅರ್ಧ ಗಂಟೆಯಲ್ಲಿ ಮುಗಿದು ಎಲ್ಲರೂ ಊಟಕ್ಕೆ ಕೂತಿರುತ್ತಾರೆ. 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಅಲ್ಲೇ. ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ ಎಂದು ಟೀಚರು ಕೇಳುವುದೂ ಆ ಊಟದ ಹೊತ್ತಿನಲ್ಲೇ.

ಕುಬಸ ಮಾಡಿಸುವ ಮನೆಯವರಲ್ಲಿ, ಆಯೋಜಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಬಸುರಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ, ಕಾಲಿಗೊಂದು ಮಣೆ ಇರಲಿ. ಊಟ ಅವಳಿಗೇ ಮೊದಲು, ಅವಳ ಹೊತ್ತಿಗೆ. ಹೊಗೆ ಬೇಡ. ಆ ಬೋರ್ಡು ಬೇಡವೇ ಬೇಡ. ಬಳೆ ತೊಡಿಸಲು ತಾಯಿಯನ್ನು ತಪ್ಪದೆ ಕರೆಯಿರಿ, ಆಕೆ ಗಂಡನನ್ನು ಕಳೆದುಕೊಂಡವರಾಗಿದ್ದರೂ ಸರಿ.

ಹೊರಡುವಾಗ ಇದನ್ನೆಲ್ಲ ಆ ಆಯೋಜಕಿ ಹುಡುಗಿಗೆ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಒಂದೊಂದೇ ಬರೆದುಕೊಂಡಳು. "ಊಟ ಎಷ್ಟು ಗಂಟೆಗೆ ಅಂತ ಬಸುರಿಯನ್ನೇ ಕೇಳಬೇಕು ಅಂತ ನಮಗೆ ಯಾರೂ ಹೇಳಿರ್ಲಿಲ್ಲ ಮೇಡಂ" ಎಂದಳು. ಮುಂದಿನ ತಿಂಗಳು ನನ್ನ ತಂಗಿಯ ಕುಬಸ. ಅದನ್ನು ಆ ಹುಡುಗಿಗೇ ವಹಿಸಿದ್ದೇನೆ.

– ಒಬ್ಬ ಸ್ಟಾಫ್ ನರ್ಸ್, ದಾವಣಗೆರೆ